ನಾಯಿಮರಿಯ ಮೈಮೇಲೆ ಗುಳ್ಳೆ, ಗಂಟು, ಕಜ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೀದಿಯಲ್ಲಿ ಸಿಕ್ಕ ನಾಯಿಮರಿಗಳನ್ನು ಸಾಕುವವರು ಸಿಗುವ ತನಕ ಮನೆಯಲ್ಲಿಟ್ಟು ನೋಡಿಕೊಳ್ಳುವ ಕೆಲಸ ನಮ್ಮದು. ಮರಿ ಹೊಸ ಮನೆ ಸೇರಿದ ಸ್ವಲ್ಪ ದಿನಕ್ಕೇ ಫೋನಿಗೆ ಫೋಟೊ ಬರುತ್ತದೆ: ಅಂಗಾತ ಮಲಗಿಸಿದ ಮರಿ, ತೊಡೆಸಂದಿಯಲ್ಲಿ ಕೆಂಪು ಚುಕ್ಕೆಗಳು, ಕೆಳಗೆ "ಇದೇನು, ಏನು ಹಚ್ಚಲಿ?" ಎಂಬ ಸಾಲು. ಏನು ಹಚ್ಚಲಿ ಎನ್ನುವ ಮೊದಲು ನೋಡಬೇಕಾದದ್ದು ನಾಲ್ಕು ಸಂಗತಿ: ಮರಿಗೆ ಎಷ್ಟು ವಾರ, ಗುಳ್ಳೆ ಮೈಯ ಯಾವ ಭಾಗದಲ್ಲಿದೆ, ಕೆರೆದುಕೊಳ್ಳುತ್ತಿದೆಯೇ, ಎಂದಿನಂತೆ ತಿಂದು ಆಡುತ್ತಿದೆಯೇ. ಇಷ್ಟು ಗೊತ್ತಾದರೆ ಇದು ಮನೆಯಲ್ಲಿ ತೊಳೆದರೆ ಹೋಗುವ ಗುಳ್ಳೆಯೋ, ಇವತ್ತೇ ಪಶುವೈದ್ಯರ ಹತ್ತಿರ ಓಡಬೇಕಾದದ್ದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಇಲ್ಲಿರುವುದು ವೈದ್ಯರನ್ನು ಕಾಣುವ ಮೊದಲು ಗೊತ್ತಿರಬೇಕಾದ ವಿಷಯ. ವೈದ್ಯರ ಜಾಗವನ್ನು ಇದು ತುಂಬುವುದಿಲ್ಲ.

ಮರಿಯ ಹೊಟ್ಟೆಯ ಮೇಲೆ ಕೀವು ತುಂಬಿದ ಸಣ್ಣ ಸಣ್ಣ ಗುಳ್ಳೆಗಳಿವೆ. ಏನಿದು?

ಎರಡು ತಿಂಗಳಿನಿಂದ ಐದಾರು ತಿಂಗಳ ಒಳಗಿನ ಮರಿ, ಗುಳ್ಳೆಗಳು ಕೂದಲಿಲ್ಲದ ಕೆಳಹೊಟ್ಟೆ ಮತ್ತು ತೊಡೆಸಂದಿಯಲ್ಲಿ ಮಾತ್ರ, ತುರಿಕೆ ಇಲ್ಲ ಅಥವಾ ತೀರಾ ಕಡಿಮೆ, ಮರಿ ಚೆನ್ನಾಗಿ ತಿಂದು ಕುಣಿಯುತ್ತಿದೆ ಎಂದಾದರೆ ಇದು ಹೆಚ್ಚಾಗಿ ಮರಿಗಳಿಗೆ ಬರುವ ಇಂಪೆಟೈಗೊ. ಚರ್ಮದ ಮೇಲ್ಪದರದಲ್ಲಷ್ಟೇ ಆಗುವ ಬ್ಯಾಕ್ಟೀರಿಯಾ ಸೋಂಕು. ಸ್ಟೆಫೈಲೊಕಾಕಸ್ ಸೂಡಿಂಟರ್‌ಮೀಡಿಯಸ್ ಎಂಬ ಬ್ಯಾಕ್ಟೀರಿಯಾ ಆರೋಗ್ಯವಾಗಿರುವ ನಾಯಿಯ ಮೈಮೇಲೂ ಇರುತ್ತದೆ. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ, ಹೊಟ್ಟೆಯ ಚರ್ಮ ತೆಳು, ಕೂದಲಿನ ರಕ್ಷಣೆಯೂ ಇಲ್ಲ. ಒದ್ದೆ ನೆಲದಲ್ಲೋ, ಮೂತ್ರದಲ್ಲಿ ನೆಂದ ಗೋಣಿಚೀಲದ ಮೇಲೋ ಮಲಗಿದಾಗ ಅದೇ ಬ್ಯಾಕ್ಟೀರಿಯಾ ಬೆಳೆದು ಗುಳ್ಳೆ ಏಳುತ್ತದೆ.

ಗುಳ್ಳೆ ತಾನಾಗಿ ಒಡೆಯುತ್ತದೆ. ಒಡೆದ ಜಾಗದಲ್ಲಿ ಜೇನಿನ ಬಣ್ಣದ ತೆಳುವಾದ ಹಕ್ಕಳೆ ಕಟ್ಟಿ, ಆಮೇಲೆ ಸುತ್ತ ಸಿಪ್ಪೆ ಎದ್ದ ಸಣ್ಣ ವೃತ್ತ ಉಳಿಯುತ್ತದೆ. ಈ ವೃತ್ತವನ್ನು ನೋಡಿಯೇ ಎಷ್ಟೋ ಜನ ಹುಳುಕಡ್ಡಿ ಎಂದು ಗಾಬರಿಯಾಗುತ್ತಾರೆ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಮರಿಯ ಹಾಸಿಗೆ ದಿನಗಟ್ಟಲೆ ಒಣಗುವುದೇ ಇಲ್ಲ. ಅಂಥ ಕಡೆ ಈ ತೊಂದರೆ ಹೆಚ್ಚು. ಹೊಟ್ಟೆಯಲ್ಲಿ ಜಂತುಹುಳು ತುಂಬಿದ, ಸರಿಯಾಗಿ ಹೊಟ್ಟೆಗಿಲ್ಲದ, ಮೈತುಂಬ ಚಿಗಟ ಹತ್ತಿದ ಮರಿಗಳಿಗೂ ಬೇಗ ಬರುತ್ತದೆ. ಹಾಗಾಗಿ ಗುಳ್ಳೆಗೆ ಮದ್ದು ಹುಡುಕುವ ಜೊತೆಗೇ ಮರಿ ಎಲ್ಲಿ ಮಲಗುತ್ತಿದೆ, ಜಂತುಹುಳುವಿನ ಔಷಧಿ ಕೊಟ್ಟಾಗಿದೆಯೇ ಎಂದು ನೋಡಿ. ಮರಿಗಳಿಗೆ ಎರಡು ವಾರ ತುಂಬಿದಾಗಿನಿಂದ ಎರಡು ವಾರಕ್ಕೊಮ್ಮೆ, ಎಂಟು ವಾರದವರೆಗೆ ಜಂತುಹುಳುವಿನ ಔಷಧಿ ಕೊಡಿಸುವುದು ರೂಢಿ. ಬೀದಿಯ ಮರಿಗಳಿಗೆ ಇದು ಯಾವಾಗಲೂ ತಪ್ಪಿರುತ್ತದೆ.

ಮನೆಯಲ್ಲಿ ತೊಳೆಯಬಹುದೇ? ಹೇಗೆ?

ಮೇಲೆ ಹೇಳಿದಂಥ ಕೆಲವೇ ಗುಳ್ಳೆಗಳಾದರೆ ಖಂಡಿತ ತೊಳೆಯಬಹುದು. 2ರಿಂದ 4 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಇರುವ, ನಾಯಿಗಳಿಗೆಂದೇ ತಯಾರಿಸಿದ ಶಾಂಪೂ ಸಿಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆಯನ್ನಷ್ಟೇ ನೆನೆಸಿ, ನೊರೆ ಮಾಡಿ, ಹತ್ತು ನಿಮಿಷ ಹಾಗೇ ಬಿಡಬೇಕು. ಎಲ್ಲರೂ ತಪ್ಪುವುದು ಇಲ್ಲೇ. ನೊರೆ ಬಂದ ಕೂಡಲೇ ತೊಳೆದುಬಿಟ್ಟರೆ ಔಷಧಿ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಮರಿಯನ್ನು ಮಡಿಲಲ್ಲಿಟ್ಟುಕೊಂಡು, ನೊರೆ ನೆಕ್ಕದಂತೆ ಮಾತಾಡಿಸುತ್ತ ಕೂತರೆ ಹತ್ತು ನಿಮಿಷ ಕಳೆಯುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಒಣಗಿಸಿ. ಉಜ್ಜಬೇಡಿ. ಕಣ್ಣಿಗೆ, ಕಿವಿಯ ಒಳಗೆ ಈ ಶಾಂಪೂ ಹೋಗಬಾರದು. ದಿನ ಬಿಟ್ಟು ದಿನ ಹೀಗೆ ತೊಳೆದರೆ ವಾರ ಹತ್ತು ದಿನದಲ್ಲಿ ಹೊಸ ಗುಳ್ಳೆ ನಿಲ್ಲಬೇಕು.

ಎಂಟು ವಾರದ ಒಳಗಿನ ಮರಿಗೆ ಪೂರ್ತಿ ಸ್ನಾನ ಮಾಡಿಸಬೇಡಿ, ಬೇಗ ಶೀತ ಹಿಡಿಯುತ್ತದೆ. ಅದಕ್ಕೆ ಏನು ಹಚ್ಚಬೇಕೆಂಬುದನ್ನೂ ವೈದ್ಯರನ್ನೇ ಕೇಳಿ. ನಾವು ಬಳಸುವ ಮೈಸೋಪು, ಬಟ್ಟೆ ಸೋಪು ಎರಡೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು, ಅದರ ಆಮ್ಲೀಯತೆಯೂ ಬೇರೆ.

ಗುಳ್ಳೆಯನ್ನು ಹಿಂಡಿ ಕೀವು ತೆಗೆಯಬಹುದೇ?

ಬೇಡ. ಹಿಂಡಿದರೆ ಮೇಲ್ಪದರದಲ್ಲಿದ್ದ ಸೋಂಕು ಒಳಕ್ಕಿಳಿಯುತ್ತದೆ, ಕುರುವಾಗುತ್ತದೆ.

ಬೇಸಿಗೆಯಲ್ಲಿ ಬಂದಿದೆ, ಇದು ಬೆವರುಸಾಲೆ ಇರಬಹುದೇ?

ಮಕ್ಕಳಿಗೆ ಆಗುವಂಥ ಬೆವರುಸಾಲೆ ನಾಯಿಗೆ ಆಗುವುದಿಲ್ಲ. ಮೈ ತಂಪಾಗಿಸಲು ನೀರಿನಂತೆ ಬೆವರುವ ಗ್ರಂಥಿಗಳು ನಾಯಿಗೆ ಇರುವುದು ಪಾದದ ಅಡಿಯಲ್ಲಿ. ಬೆವರುಸಾಲೆಯ ಪೌಡರ್ ಹಾಕಬೇಡಿ. ಮರಿ ಅದನ್ನು ನೆಕ್ಕುತ್ತದೆ, ಉಸಿರಿನಲ್ಲೂ ಎಳೆದುಕೊಳ್ಳುತ್ತದೆ.

ಹೊಟ್ಟೆಯ ಎರಡೂ ಕಡೆ ಸಾಲಾಗಿ ಗಂಟುಗಳಿವೆ. ಗಂಡು ಮರಿ. ಏನು ಮಾಡಲಿ?

ಏನೂ ಮಾಡಬೇಡಿ, ಅವು ಮೊಲೆತೊಟ್ಟುಗಳು. ಗಂಡು ನಾಯಿಗೂ ಇರುತ್ತವೆ, ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಎಂಟರಿಂದ ಹತ್ತು. ಉಣ್ಣೆ ಎಂದುಕೊಂಡು ಚಿಮುಟದಲ್ಲಿ ಎಳೆದು ರಕ್ತ ಬರಿಸಿದ ಮನೆಗಳುಂಟು. ಎಳೆಯುವ ಮೊದಲು ಬೆಳಕಿನಲ್ಲಿ ಹಿಡಿದು ನೋಡಿ: ಉಣ್ಣೆಗೆ ಚರ್ಮದ ಹತ್ತಿರ ಕಾಲುಗಳು ಕಾಣುತ್ತವೆ.

ಬೆಳಿಗ್ಗೆ ಎದ್ದರೆ ಮರಿಯ ಮುಖ ಊದಿಕೊಂಡಿದೆ. ಕಾಯಬಹುದೇ?

ಕಾಯಬೇಡಿ. ಇಲ್ಲಿ ಎರಡು ಸಾಧ್ಯತೆ, ಎರಡೂ ತುರ್ತಿನವೇ.

ಮೊದಲನೆಯದು ಅಲರ್ಜಿ. ಇರುವೆ, ಜೇನುನೊಣ, ಕಣಜ ಕಚ್ಚಿದಾಗ ಅಥವಾ ಲಸಿಕೆ ಹಾಕಿಸಿದ ಕೆಲವು ಗಂಟೆಗಳಲ್ಲಿ ಮುಖ, ತುಟಿ, ಕಣ್ಣಿನ ರೆಪ್ಪೆ ಊದುತ್ತದೆ. ಮೈಮೇಲೆ ದದ್ದು ಎದ್ದು ಕೂದಲು ಅಲ್ಲಲ್ಲಿ ನಿಮಿರಿ ನಿಲ್ಲುತ್ತದೆ. ಇದು ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಗಳಲ್ಲಿ ಬರುತ್ತದೆ. ವಾಂತಿ, ಸುಸ್ತು, ಒಸಡು ಬಿಳಿಚಿಕೊಳ್ಳುವುದು, ಉಸಿರಾಟದ ತೊಂದರೆ ಕಂಡರೆ ಒಂದು ಗಳಿಗೆಯೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೊರಡಿ.

ಎರಡನೆಯದು ಜುವೆನೈಲ್ ಸೆಲ್ಯುಲೈಟಿಸ್. ಪಶುವೈದ್ಯರು ಪಪ್ಪಿ ಸ್ಟ್ರಾಂಗಲ್ಸ್ ಎಂದೂ ಹೇಳುತ್ತಾರೆ. ಮೂರು ವಾರದಿಂದ ನಾಲ್ಕು ತಿಂಗಳವರೆಗಿನ ಮರಿಗಳಿಗೆ ಬರುತ್ತದೆ. ಒಂದೇ ಸೂಲಿನ ಎರಡು ಮೂರು ಮರಿಗಳಿಗೆ ಒಟ್ಟಿಗೆ ಬಂದದ್ದೂ ಇದೆ. ಮೊದಲು ಮೂತಿ, ತುಟಿ, ಕಣ್ಣಿನ ಸುತ್ತ ಊತ. ಒಂದೆರಡು ದಿನದಲ್ಲಿ ಅಲ್ಲೆಲ್ಲ ಗುಳ್ಳೆ ಎದ್ದು ಒಡೆದು ಹಕ್ಕಳೆ ಕಟ್ಟುತ್ತದೆ. ಕಿವಿಯ ಒಳಭಾಗವೂ ಕೀವಾಗುತ್ತದೆ. ಗದ್ದದ ಕೆಳಗಿನ ದುಗ್ಧಗ್ರಂಥಿಗಳು ದಪ್ಪ ಗಂಟಾಗಿ ಕೈಗೆ ಸಿಗುತ್ತವೆ, ಕೆಲವೊಮ್ಮೆ ಅವೂ ಒಡೆದು ಸೋರುತ್ತವೆ. ಜ್ವರ ಬರುತ್ತದೆ, ಮರಿ ಮಂಕಾಗುತ್ತದೆ. ಗೋಲ್ಡನ್ ರಿಟ್ರೀವರ್, ಡ್ಯಾಶ್‌ಹಂಡ್, ಲ್ಯಾಬ್ರಡಾರ್ ಮರಿಗಳಲ್ಲಿ ಹೆಚ್ಚು ಕಂಡರೂ ಯಾವ ಮರಿಗೂ ಬರಬಹುದು.

ನೋಡಿದವರಿಗೆಲ್ಲ ಇದು ಭಯಂಕರ ಸೋಂಕಿನಂತೆಯೇ ಕಾಣುತ್ತದೆ. ಆದರೆ ಇದರ ಮೂಲ ಸೋಂಕಲ್ಲ, ಮರಿಯ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ತನ್ನದೇ ಚರ್ಮದ ಮೇಲೆ ಏರಿಹೋಗುವುದು. ಆದ್ದರಿಂದ ಆ್ಯಂಟಿಬಯೋಟಿಕ್ ಒಂದರಿಂದಲೇ ಇದು ವಾಸಿಯಾಗುವುದಿಲ್ಲ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ವೈದ್ಯರು ತೂಕ ನೋಡಿ ಜೋರು ಪ್ರಮಾಣದಲ್ಲಿ ಶುರುಮಾಡಿ, ವಾರಗಟ್ಟಲೆ ಕೊಟ್ಟು, ನಿಧಾನವಾಗಿ ಇಳಿಸಬೇಕು. ಬೇಗ ಶುರುವಾದರೆ ಮರಿ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತದೆ. ತಡವಾದರೆ ಮುಖದ ಮೇಲೆ ಶಾಶ್ವತ ಕಲೆ ಉಳಿಯಬಹುದು, ಜೀವಕ್ಕೂ ಅಪಾಯ. ಮುಖ ಊದಿಕೊಂಡು ಈಗ ಸರಿಹೋಗುತ್ತದೆ, ನಾಳೆ ಸರಿಹೋಗುತ್ತದೆ ಎಂದು ಕಾಯುತ್ತ ಕೂತ ಮನೆಗಳನ್ನು ನೋಡಿ ನೋಡಿ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸ್ಟೀರಾಯ್ಡ್‌ನಿಂದ ವಾಸಿಯಾಗುತ್ತದೆ ಎಂದಾದರೆ ಮೆಡಿಕಲ್ ಶಾಪಿನ ಮುಲಾಮು ಹಚ್ಚಬಹುದಲ್ಲ?

ಈ ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಪಪ್ಪಿ ಸ್ಟ್ರಾಂಗಲ್ಸ್‌ನಲ್ಲಿ ಮರಿಯ ಜೀವ ಉಳಿಸುವ ಅದೇ ಸ್ಟೀರಾಯ್ಡ್, ಡೆಮೊಡೆಕ್ಸ್ ಹುಳದ ಕಜ್ಜಿ ಇರುವ ಮರಿಯನ್ನು ಹಾಳುಮಾಡುತ್ತದೆ. ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಆ ಶಕ್ತಿಯೇ ಡೆಮೊಡೆಕ್ಸ್ ಹುಳಗಳನ್ನು ಹತೋಟಿಯಲ್ಲಿ ಇಟ್ಟಿರುವುದು. ಕಣ್ಣಿನ ಸುತ್ತ ಇದ್ದ ನಾಣ್ಯದಗಲದ ಬೋಳು ಮೈಯೆಲ್ಲ ಹರಡಿ, ಕೀವಾಗಿ, ತಿಂಗಳುಗಟ್ಟಲೆ ಚಿಕಿತ್ಸೆಗೆ ಎಳೆಯುತ್ತದೆ. ಮುಖದ ಮೇಲಿನ ಗುಳ್ಳೆ ಎರಡು ಕಾಯಿಲೆಯಲ್ಲೂ ಇರಬಹುದು. ಬರಿಗಣ್ಣಿಗೆ ಎರಡನ್ನೂ ಬೇರ್ಪಡಿಸುವುದು ಅನುಭವಸ್ಥ ವೈದ್ಯರಿಗೂ ಕಷ್ಟ, ಅದಕ್ಕೇ ಅವರು ಸ್ಟೀರಾಯ್ಡ್ ಕೊಡುವ ಮೊದಲು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು.

ನಮ್ಮ ಮೆಡಿಕಲ್ ಶಾಪುಗಳಲ್ಲಿ ತುರಿಕೆಗೆಂದು ಕೇಳಿದರೆ ಕೈಗೆ ಕೊಡುವ ಟ್ಯೂಬುಗಳಲ್ಲಿ ಅನೇಕವು ಮೂರು ಔಷಧಿ ಕಲಸಿದವು: ಒಂದು ಸ್ಟೀರಾಯ್ಡ್, ಒಂದು ಶಿಲೀಂಧ್ರನಾಶಕ, ಒಂದು ಆ್ಯಂಟಿಬಯೋಟಿಕ್. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಎರಡು ದಿನ ಕೆಂಪು ಇಳಿದು, ಗುಣವಾಯಿತು ಅನ್ನಿಸುತ್ತದೆ. ಒಳಗೆ ಕಾಯಿಲೆ ಬೆಳೆಯುತ್ತಿರುತ್ತದೆ, ಮರಿ ಅದನ್ನು ನೆಕ್ಕಿ ಹೊಟ್ಟೆಗೂ ಸೇರಿಸಿಕೊಂಡಿರುತ್ತದೆ. ಆಮೇಲೆ ವೈದ್ಯರ ಹತ್ತಿರ ಹೋದಾಗ ಮೂಲ ಕಾಯಿಲೆಯ ಗುರುತೇ ಅಳಿಸಿಹೋಗಿರುತ್ತದೆ. ಈಗಾಗಲೇ ಹಚ್ಚಿದ್ದರೆ ಸಂಕೋಚಪಡದೆ ಟ್ಯೂಬನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲು ಉದುರಿ ಬೋಳಾಗಿದೆ, ಸಣ್ಣ ಗುಳ್ಳೆಗಳೂ ಇವೆ. ತುರಿಕೆ ಇಲ್ಲ.

ಡೆಮೊಡೆಕ್ಸ್ ಇರಬಹುದು. ಸುರುಟಿದ ಬೀಡಿಯಂಥ ಉದ್ದ ಮೈಯ, ಕಣ್ಣಿಗೆ ಕಾಣದ ಹುಳ ಇದು. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ ಹಾಲು ಕುಡಿಯುವಾಗ ತಾಯಿಯ ಮೈಯಿಂದ ಮರಿಗೆ ಬರುತ್ತದೆ. ಹೆಚ್ಚುಕಡಿಮೆ ಎಲ್ಲ ನಾಯಿಗಳ ಕೂದಲಿನ ಬುಡದಲ್ಲೂ ಇರುತ್ತದೆ, ತೊಂದರೆ ಕೊಡುವುದಿಲ್ಲ. ಮರಿಗೆ ಮೂರರಿಂದ ಆರು ತಿಂಗಳಾಗಿ, ಅದರ ಶಕ್ತಿ ಸ್ವಲ್ಪ ಕುಗ್ಗಿದಾಗ ಅಲ್ಲಲ್ಲಿ ಹೆಚ್ಚಾಗುತ್ತದೆ. ನಾಲ್ಕಕ್ಕಿಂತ ಹೆಚ್ಚಿಲ್ಲದ ಸಣ್ಣ ಬೋಳುಗಳಾದರೆ ಹೆಚ್ಚಿನವು ಆರೆಂಟು ವಾರಗಳಲ್ಲಿ ಯಾವ ಔಷಧಿಯೂ ಇಲ್ಲದೆ ವಾಸಿಯಾಗುತ್ತವೆ. ಒಳ್ಳೆಯ ಊಟ, ಜಂತುಹುಳುವಿನ ಔಷಧಿ, ಎರಡು ಮೂರು ವಾರಕ್ಕೊಮ್ಮೆ ವೈದ್ಯರಿಗೆ ತೋರಿಸುವುದು ಸಾಕು.

ಹರಡುತ್ತ ಹೋದರೆ, ಪಾದಗಳು ಊದಿ ಕೀವಾದರೆ, ಚಿಕಿತ್ಸೆ ಬೇಕೇ ಬೇಕು. ಮೊದಲು ಇದಕ್ಕೆ ಗಟ್ಟಿ ಮದ್ದು ಇರಲಿಲ್ಲ. ವಾರವಾರ ಔಷಧಿ ಸ್ನಾನ ಮಾಡಿಸಿ ಸೋತು ಮರಿಯನ್ನು ಕೈಬಿಡುತ್ತಿದ್ದರು. ಈಗ ಫ್ಲುರಲಾನರ್, ಅಫೋಕ್ಸೊಲಾನರ್ ಗುಂಪಿನ ಮಾತ್ರೆಗಳು ಬಂದ ಮೇಲೆ ಮೈಯೆಲ್ಲ ಬೋಳಾದ ಮರಿಗಳೂ ತುಂಬುಗೂದಲು ಬಂದು ಎದ್ದು ನಿಲ್ಲುವುದನ್ನು ನೋಡುತ್ತಿದ್ದೇವೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಚರ್ಮ ಕೆರೆದು ನೋಡಿದಾಗ ಹುಳ ಸಿಗದಿದ್ದರೆ ಮಾತ್ರ ಚಿಕಿತ್ಸೆ ನಿಲ್ಲಿಸುತ್ತಾರೆ. ಕೂದಲು ಬಂತೆಂದು ಮಧ್ಯದಲ್ಲೇ ಬಿಡಬೇಡಿ. ಮೈಪೂರ್ತಿ ಡೆಮೊಡೆಕ್ಸ್ ಬಂದ ನಾಯಿಯಿಂದ ಮರಿ ಮಾಡಿಸಬಾರದು, ಈ ದೌರ್ಬಲ್ಯ ವಂಶದಲ್ಲಿ ಇಳಿಯುತ್ತದೆ. ಮುಧೋಳವಾಗಲಿ ರಾಟ್‌ವೀಲರ್ ಆಗಲಿ, ಮರಿ ಕೊಳ್ಳುವವರು ತಾಯಿನಾಯಿಯ ಚರ್ಮವನ್ನೂ ನೋಡಿ ಕೊಳ್ಳುವುದು ಒಳ್ಳೆಯದು. ಮನುಷ್ಯರಿಗೆ ಇದು ಅಂಟುವುದಿಲ್ಲ.

ಚರ್ಮ ಕೆರೆದು ನೋಡುವ ಪರೀಕ್ಷೆ ಮರಿಗೆ ನೋವಾಗುವುದಿಲ್ಲವೇ?

ಮೊಂಡು ಬ್ಲೇಡಿನಲ್ಲಿ ರಕ್ತ ಸ್ವಲ್ಪ ಜಿನುಗುವಷ್ಟು ಕೆರೆಯುತ್ತಾರೆ, ಒಂದೆರಡು ನಿಮಿಷದ ಕೆಲಸ. ಉತ್ತರ ಆಗಲೇ ಅಲ್ಲೇ ಸಿಗುತ್ತದೆ. ವೈದ್ಯರು ತಾವಾಗಿ ಮಾಡದಿದ್ದರೆ "ಸ್ಕ್ರೇಪಿಂಗ್ ಮಾಡಿ ನೋಡೋಣವೇ ಡಾಕ್ಟ್ರೇ?" ಎಂದು ನೀವೇ ಕೇಳಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳಲ್ಲಿ ಪ್ರಾಣಿಗಳನ್ನು ನೋಡುವ ಆಸ್ಪತ್ರೆಗಳಿವೆ. ಊರಿನ ವೈದ್ಯರ ಹತ್ತಿರ ಸೂಕ್ಷ್ಮದರ್ಶಕ ಇಲ್ಲದಿದ್ದರೆ ಅಲ್ಲಿಗೆ ಹೋಗಬಹುದು.

ಮರಿ ರಾತ್ರಿಯಿಡೀ ಕೆರೆದುಕೊಳ್ಳುತ್ತದೆ. ನಮಗೂ ಕೈ, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದಿದೆ!

ಇದು ಸಾರ್ಕಾಪ್ಟಿಸ್ ಹುಳದ ಕಜ್ಜಿಯ ಲಕ್ಷಣ. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಹಿಮ್ಮಡಿಗಂಟು, ಎದೆ, ಹೊಟ್ಟೆ ಇದರ ಮೆಚ್ಚಿನ ಜಾಗ. ಕಿವಿಯ ಅಂಚನ್ನು ಬೆರಳಿನ ನಡುವೆ ಹಿಡಿದು ಮೆಲ್ಲಗೆ ಉಜ್ಜಿದರೆ ಮರಿಯ ಹಿಂಗಾಲು ತಾನೇ ಕೆರೆಯಲು ಶುರುಮಾಡುತ್ತದೆ. ಡೆಮೊಡೆಕ್ಸ್‌ಗೂ ಇದಕ್ಕೂ ಮುಖ್ಯ ವ್ಯತ್ಯಾಸ ತುರಿಕೆ: ಇದರಲ್ಲಿ ಮರಿಗೆ ನಿದ್ದೆಯೇ ಇರುವುದಿಲ್ಲ. ವಿಚಿತ್ರವೆಂದರೆ, ಚರ್ಮ ಕೆರೆದು ನೋಡಿದರೂ ಎಷ್ಟೋ ಸಲ ಈ ಹುಳ ಸಿಗುವುದಿಲ್ಲ. ಲಕ್ಷಣ ಸರಿಹೊಂದಿದರೆ ವೈದ್ಯರು ಚಿಕಿತ್ಸೆ ಕೊಟ್ಟೇ ನೋಡುತ್ತಾರೆ.

ನಾಯಿಯ ಸಾರ್ಕಾಪ್ಟಿಸ್ ಮನುಷ್ಯರ ಚರ್ಮದಲ್ಲಿ ವಂಶ ಬೆಳೆಸಲಾರದು. ಕಚ್ಚಿ ಗುಳ್ಳೆ ಎಬ್ಬಿಸುತ್ತದೆ ಅಷ್ಟೇ. ಮರಿಗೆ ಚಿಕಿತ್ಸೆ ಆದರೆ ನಿಮ್ಮದೂ ಹೋಗುತ್ತದೆ, ತುರಿಕೆ ಹೆಚ್ಚಿದ್ದರೆ ನಿಮ್ಮ ಡಾಕ್ಟರಿಗೂ ತೋರಿಸಿ. ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಅವು ಕೆರೆದುಕೊಳ್ಳದಿದ್ದರೂ ಎಲ್ಲಕ್ಕೂ ಒಟ್ಟಿಗೆ ಚಿಕಿತ್ಸೆ ಆಗಬೇಕು. ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಸುಡುಬಿಸಿಲಿಗೆ ಹಾಕಿ.

ಕಜ್ಜಿ ಹತ್ತಿ ಕೂದಲೆಲ್ಲ ಹೋದ ಬೀದಿಮರಿಯನ್ನು ಜನ ಹತ್ತಿರ ಸೇರಿಸುವುದಿಲ್ಲ, ಕಲ್ಲು ಬೀರಿ ಓಡಿಸುತ್ತಾರೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆ. ನಿಮ್ಮ ಬೀದಿಯಲ್ಲಿ ಅಂಥ ಮರಿ ಇದ್ದರೆ ವೈದ್ಯರನ್ನು ವಿಚಾರಿಸಿ ಅನ್ನದಲ್ಲಿ ಕಲಸಿ ಕೊಡುವ ಮಾತ್ರೆಯಿಂದಲೇ ಅದನ್ನು ಉಳಿಸಬಹುದು.

ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ ಮನೆಯಲ್ಲಿದೆ. ಒಂದು ತೊಟ್ಟು ಕೊಡಲೇ?

ದಯವಿಟ್ಟು ಬೇಡ. ದನಗಳಿಗೆ ಬಳಸುವ 1 ಶೇಕಡಾ ದ್ರಾವಣದ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಅದು 50 ಕಿಲೊ ತೂಕದ ಜಾನುವಾರಿಗೆ ಆಗುವಷ್ಟು. ಎರಡು ಕಿಲೊ ಮರಿಯ ಮಟ್ಟಿಗೆ ಅಂದಾಜಿನ ಒಂದು ತೊಟ್ಟಿನಲ್ಲೂ ಪ್ರಮಾಣ ತಪ್ಪಿಹೋಗುತ್ತದೆ. ತೀರಾ ಎಳೆಯ ಮರಿಗಳಲ್ಲಿ ಔಷಧಿ ಮೆದುಳಿಗೆ ಹೋಗದಂತೆ ತಡೆಯುವ ಪೊರೆ ಇನ್ನೂ ಬಲಿತಿರುವುದಿಲ್ಲ. ಕೋಲಿ ಜಾತಿ ಮತ್ತು ಅದರ ಬೆರಕೆಯ ಅನೇಕ ನಾಯಿಗಳಲ್ಲಿ ಎಂಡಿಆರ್1 ಎಂಬ ವಂಶವಾಹಿಯ ದೋಷದಿಂದ ದೊಡ್ಡವಾದ ಮೇಲೂ ಆ ತಡೆ ಸರಿಯಿರುವುದಿಲ್ಲ. ನಡುಕ, ಕುರುಡು, ಪ್ರಜ್ಞೆ ತಪ್ಪುವುದು, ಸಾವು, ಎಲ್ಲವೂ ಆಗಬಹುದು. ದನಗಳ ಉಣ್ಣೆಗೆ ಬಳಸುವ ಅಮಿಟ್ರಾಜ್ ದ್ರಾವಣವೂ ನಾಲ್ಕು ತಿಂಗಳ ಒಳಗಿನ ಮರಿಗೆ ಕೂಡದು.

ಬೇವಿನೆಣ್ಣೆ, ಅರಿಶಿನ, ಕರ್ಪೂರದ ಎಣ್ಣೆ? ಊರಲ್ಲಿ ಎಲ್ಲರೂ ಹಚ್ಚುತ್ತಾರೆ.

ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅರಿಶಿನದಿಂದ ದೊಡ್ಡ ಹಾನಿಯಿಲ್ಲ, ಆದರೆ ಗಾಯ ಮುಚ್ಚಿಹೋಗಿ ವೈದ್ಯರಿಗೆ ಏನೂ ಕಾಣುವುದಿಲ್ಲ. ಕೊಬ್ಬರಿ ಎಣ್ಣೆ ಒಣ ಚರ್ಮವನ್ನು ಮೆತ್ತಗೆ ಮಾಡುತ್ತದೆ, ಹುಳವನ್ನು ಕೊಲ್ಲುವುದಿಲ್ಲ. ಬೇವಿನೆಣ್ಣೆ, ಹೊಂಗೆ ಎಣ್ಣೆಯನ್ನು ಮರಿ ನೆಕ್ಕಿ ವಾಂತಿ ಮಾಡಿಕೊಳ್ಳುತ್ತದೆ, ಎಳೆ ಚರ್ಮ ಉರಿಯುತ್ತದೆ. ಗಂಧಕಕ್ಕೆ ಹುಳ ಕೊಲ್ಲುವ ಗುಣ ನಿಜವಾಗಿಯೂ ಇದೆ, ಲೈಮ್ ಸಲ್ಫರ್ ಎಂಬ ದ್ರಾವಣವನ್ನು ಪಶುವೈದ್ಯರೇ ಬಳಸುತ್ತಾರೆ. ಆದರೆ ಅದು ಅಳತೆ ಮಾಡಿ ತಯಾರಿಸಿದ್ದು. ಮನೆಯಲ್ಲಿ ಕೈಯಳತೆಯಲ್ಲಿ ಕಲಸಿದರೆ ಚರ್ಮ ಸುಡಬಹುದು.

ಕರ್ಪೂರ ನಾಯಿಗೆ ವಿಷ. ಚರ್ಮದ ಮೂಲಕವೂ ಒಳಗೆ ಸೇರುತ್ತದೆ, ಫಿಟ್ಸ್ ಬರಿಸಬಹುದು. ಸೀಮೆಎಣ್ಣೆ, ಡೀಸೆಲ್, ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಚರ್ಮವನ್ನು ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶ, ಲಿವರ್, ಕಿಡ್ನಿಗೆ ಏಟು. ಬಳಿದವರು ಕ್ರೂರಿಗಳಲ್ಲ, ಮರಿ ಬದುಕಲೆಂದೇ ಬಳಿದಿರುತ್ತಾರೆ. ಅವರಿಗೆ ಬೈಯುವ ಬದಲು ಮಾತ್ರೆಯ ವಿಷಯ ಹೇಳಿ. ಫಿನಾಯಿಲ್, ನೀರು ಬೆರೆಸದ ಡೆಟಾಲ್ ಕೂಡ ಮರಿಯ ಮೈಗೆ ಬೇಡ. ತುರಿಕೆ ನೋವಿಗೆಂದು ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಚೂರು ಮಾಡಿ ಕೊಡುವುದಂತೂ ಸಲ್ಲದು.

ಉಂಗುರದಂತೆ ಕೂದಲು ಉದುರಿದೆ. ಹುಳುಕಡ್ಡಿಯೇ?

ಇರಬಹುದು. ಮರಿಗಳಲ್ಲಿ ಹೆಚ್ಚಾಗಿ ಮೈಕ್ರೊಸ್ಪೋರಮ್ ಕೇನಿಸ್ ಎಂಬ ಶಿಲೀಂಧ್ರದಿಂದ ಬರುತ್ತದೆ. ಮುಖ, ಕಿವಿ, ಕಾಲಿನಲ್ಲಿ ಹೊಟ್ಟು ಎದ್ದ ಬೋಳು, ಮುರಿದ ಕೂದಲು. ತುರಿಕೆ ಕಡಿಮೆ. ವೈದ್ಯರು ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ (ಅಲ್ಟ್ರಾವಯಲೆಟ್) ಬೆಳಕಿನಲ್ಲಿ ಹಿಡಿದಾಗ ಕೂದಲು ಎಳೆಹಸಿರಾಗಿ ಹೊಳೆಯಬಹುದು. ಹೊಳೆಯದಿದ್ದರೆ ಇಲ್ಲವೆಂದೇನಲ್ಲ, ಕೂದಲು ಕಿತ್ತು ಕಲ್ಚರಿಗೆ (ಶಿಲೀಂಧ್ರವನ್ನು ಬೆಳೆಸಿ ನೋಡುವ ಪರೀಕ್ಷೆಗೆ) ಕಳಿಸುತ್ತಾರೆ, ಫಲಿತಾಂಶಕ್ಕೆ ಎರಡು ಮೂರು ವಾರ ಬೇಕಾಗಬಹುದು. ಇದು ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ, ಅಂಟುತ್ತದೆ. ಉದುರಿದ ಕೂದಲಿನಲ್ಲಿರುವ ಬೀಜಕಣಗಳು ಮನೆಯಲ್ಲಿ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ, ಹಾಗಾಗಿ ದಿನವೂ ಗುಡಿಸಿ ಒರೆಸುವುದು ಚಿಕಿತ್ಸೆಯ ಅರ್ಧ ಭಾಗ.

ಉಣ್ಣೆ ಕಿತ್ತ ಜಾಗದಲ್ಲಿ ಗಂಟಾಗಿದೆ. ತಲೆ ಒಳಗೇ ಉಳಿಯಿತೇ?

ಹೆಚ್ಚಾಗಿ ಅದು ಉಣ್ಣೆಯ ಜೊಲ್ಲಿಗೆ ಚರ್ಮ ತೋರುವ ಪ್ರತಿಕ್ರಿಯೆ, ಒಂದೆರಡು ವಾರದಲ್ಲಿ ಕರಗುತ್ತದೆ. ಬಾಯಿಯ ಚೂರು ಉಳಿದಿದ್ದರೂ ಚರ್ಮ ಅದನ್ನು ಹೊರಗೆ ತಳ್ಳುತ್ತದೆ, ಸೂಜಿ ಹಾಕಿ ಕೆದಕಬೇಡಿ. ಉಣ್ಣೆ ತೆಗೆಯುವಾಗ ಚಿಮುಟವನ್ನು ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಊದುಬತ್ತಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ. ಗಂಟಿಗಿಂತ ಭಯಪಡಬೇಕಾದದ್ದು ಉಣ್ಣೆ ಜ್ವರಕ್ಕೆ. ನಮ್ಮ ನಾಯಿಗಳಲ್ಲಿ ಕಾಣುವ ಕಂದು ಉಣ್ಣೆ ಎರ್ಲಿಕಿಯಾ, ಬೆಬೀಸಿಯಾ ರೋಗಗಳನ್ನು ಹರಡುತ್ತದೆ. ಉಣ್ಣೆ ಇದ್ದ ಮರಿ ಊಟ ಬಿಟ್ಟರೆ, ಒಸಡು ಬಿಳಿಚಿದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ರಕ್ತ ಪರೀಕ್ಷೆ ಮಾಡಿಸಿ.

ಚಿಗಟದ ಮಾತು ಬಂದಾಗ ಒಂದು ವಿಷಯ: ಎಳೆ ಮರಿಯ ಮೈಯಲ್ಲಿ ಚಿಗಟ ತುಂಬಿದರೆ ರಕ್ತಹೀನತೆಯಿಂದಲೇ ಸಾಯಬಹುದು. ಉಣ್ಣೆ, ಚಿಗಟದ ಮಾತ್ರೆಗಳನ್ನು ಸಾಮಾನ್ಯವಾಗಿ ಎಂಟು ವಾರ ತುಂಬಿದ, ನಿಗದಿತ ತೂಕ ದಾಟಿದ ಮರಿಗಳಿಗೆ ಮಾತ್ರ ಕೊಡುತ್ತಾರೆ. ಅದಕ್ಕಿಂತ ಚಿಕ್ಕದಾದರೆ ಚಿಗಟದ ಬಾಚಣಿಗೆಯೇ ಗತಿ, ಬಾಚಿ ಸೋಪಿನ ನೀರಿಗೆ ಹಾಕಿ. ಮನೆಯಲ್ಲಿ ಬೆಕ್ಕು ಇದ್ದರೆ ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ತರಲೇಬೇಡಿ, ಬೆಕ್ಕಿಗೆ ಅದು ಪ್ರಾಣಾಂತಿಕ.

ಲಸಿಕೆ ಹಾಕಿಸಿದ ಜಾಗದಲ್ಲಿ ಗಟ್ಟಿ ಗಂಟು.

ನೋವಿಲ್ಲದ ಸಣ್ಣ ಗಂಟಾದರೆ ಕೆಲವು ವಾರಗಳಲ್ಲಿ ಕರಗುತ್ತದೆ. ಬಿಸಿಯಾಗಿದ್ದರೆ, ಕೀವು ಸೋರಿದರೆ, ದೊಡ್ಡದಾಗುತ್ತಿದ್ದರೆ ಅಥವಾ ತಿಂಗಳು ಕಳೆದರೂ ಹೋಗದಿದ್ದರೆ ತೋರಿಸಿ. ಇದಕ್ಕೆ ಹೆದರಿ ಮುಂದಿನ ಲಸಿಕೆ ತಪ್ಪಿಸಬೇಡಿ.

ಹೊಕ್ಕಳಲ್ಲಿ ಮೆತ್ತನೆಯ ಉಬ್ಬು ಇದೆ.

ಹೊಕ್ಕಳ ಹರ್ನಿಯಾ ಇರಬಹುದು. ಮೆಲ್ಲಗೆ ಒತ್ತಿದರೆ ಒಳಗೆ ಹೋಗುವಂತಿದ್ದರೆ ಅವಸರವಿಲ್ಲ, ಸಣ್ಣವು ಆರು ತಿಂಗಳೊಳಗೆ ಮುಚ್ಚಿಕೊಳ್ಳುವುದೂ ಉಂಟು. ಉಳಿದವನ್ನು ಸಂತಾನಹರಣ ಶಸ್ತ್ರಚಿಕಿತ್ಸೆಯ ಹೊತ್ತಿಗೇ ಹೊಲಿಯುತ್ತಾರೆ. ಉಬ್ಬು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಮುಟ್ಟಿದರೆ ನೋವಾಗಿ, ವಾಂತಿ ಶುರುವಾದರೆ ಕರುಳು ಸಿಕ್ಕಿಕೊಂಡಿರಬಹುದು. ಅದು ತುರ್ತು.

ತುಟಿ, ಬಾಯಿಯೊಳಗೆ ಹೂಕೋಸಿನಂಥ ಗುಳ್ಳೆಗಳು. ಕಿವಿಯ ಮೇಲೆ ಅಂಗಿಯ ಗುಂಡಿಯಂಥ ಕೆಂಪು ಉಬ್ಬು ಇನ್ನೊಂದು.

ಬಾಯಲ್ಲಿರುವುದು ಪ್ಯಾಪಿಲೋಮಾ ವೈರಸ್ಸಿನ ನರಹುಲಿ. ಎಳೆ ನಾಯಿಗಳಿಗೆ ಒಂದರಿಂದೊಂದಕ್ಕೆ ಹರಡುತ್ತದೆ, ಮನುಷ್ಯರಿಗೆ ಬರುವುದಿಲ್ಲ. ಕೆಲವು ತಿಂಗಳೊಳಗೆ ತಾನಾಗಿ ಉದುರುತ್ತದೆ. ಅಲ್ಲಿಯವರೆಗೆ ಊಟದ ತಟ್ಟೆ, ಆಟಿಕೆ ಬೇರೆ ಇಡಿ. ತಿನ್ನಲು ಅಡ್ಡಿಯಾಗುವಷ್ಟು ಬೆಳೆದರೆ ತೋರಿಸಿ.

ಕೂದಲಿಲ್ಲದ, ಕೆಂಪಾಗಿ ಹೊಳೆಯುವ, ದಿಢೀರನೆ ಎದ್ದ ಒಂಟಿ ಉಬ್ಬು ಹಿಸ್ಟಿಯೊಸೈಟೋಮಾ ಇರಬಹುದು. ಗಡ್ಡೆ ಎಂಬ ಮಾತು ಕೇಳಿ ಮನೆಯವರೆಲ್ಲ ಅಳುವುದನ್ನು ನೋಡಿದ್ದೇನೆ. ಇದು ಅಪಾಯವಿಲ್ಲದ ಗಡ್ಡೆ, ಎರಡು ಮೂರು ತಿಂಗಳಲ್ಲಿ ಹೆಚ್ಚಾಗಿ ತಾನೇ ಕರಗುತ್ತದೆ. ಹಾಗಿದ್ದರೂ ಸೂಜಿಯಲ್ಲಿ ಜೀವಕೋಶ ತೆಗೆದು ನೋಡಿಸಿ ಖಚಿತ ಮಾಡಿಕೊಳ್ಳಿ.

ಊಟದ ಅಲರ್ಜಿ ಇರಬಹುದೇ? ಕೋಳಿ ನಿಲ್ಲಿಸಿದ್ದೇವೆ.

ಎಳೆ ಮರಿಗೂ ಊಟದ ಅಲರ್ಜಿ ಬರಬಹುದು, ಆದರೆ ಹುಳ, ಚಿಗಟ, ಸೋಂಕು ಇಲ್ಲವೆಂದು ಗೊತ್ತಾದ ಮೇಲೆ ಯೋಚಿಸಬೇಕಾದ ಮಾತು ಅದು. ಬೆಳೆಯುವ ಮರಿಗೆ ಮಾಂಸ, ಮೊಟ್ಟೆ ನಿಲ್ಲಿಸಿ ಬರೀ ಹಾಲು ಅನ್ನದ ಮೇಲೆ ಇಟ್ಟರೆ ಚರ್ಮ ಇನ್ನಷ್ಟು ಸೊರಗುತ್ತದೆ.

ಬೇರೆ ನಾಯಿ ಕಚ್ಚಿ ಗಂಟಾಗಿದೆ.

ಕಚ್ಚಿದ ತೂತು ಮೇಲೆ ಬೇಗ ಮುಚ್ಚಿ ಒಳಗೆ ಕೀವು ಕಟ್ಟುತ್ತದೆ. ವೈದ್ಯರು ಕೊಯ್ದು ಕೀವು ಹರಿಸಬೇಕು. ತೆರೆದ ಗಾಯಕ್ಕೆ ನಮ್ಮಲ್ಲಿ ನೊಣ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ. ಗಾಯದಿಂದ ಕೆಟ್ಟ ವಾಸನೆ ಬಂದರೆ ಅದೇ ದಿನ ಹೊರಡಿ. ಕಚ್ಚಿದ್ದು ಗುರುತಿಲ್ಲದ ನಾಯಿಯಾದರೆ ರೇಬೀಸ್ ವಿಷಯವನ್ನು ಮೊದಲು ಹೇಳಿ. ಲಸಿಕೆಯಾಗದ ಮರಿ ನಿಮಗೆ ಪರಚಿದ್ದರೆ, ಕಚ್ಚಿದ್ದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಎಳೆ ಮರಿ, ಇದಕ್ಕೇನು ರೇಬೀಸ್ ಎನ್ನಬೇಡಿ.

ಹೊಟ್ಟೆಯ ಗುಳ್ಳೆ ಜೊತೆಗೆ ಕಣ್ಣು ಮೂಗು ಸೋರುತ್ತಿದೆ, ಕೆಮ್ಮುತ್ತಿದೆ.

ಹಾಗಾದರೆ ಗುಳ್ಳೆಯ ಮಾತು ಬಿಡಿ, ಡಿಸ್ಟೆಂಪರ್ ಇರಬಹುದು. ಲಸಿಕೆಯಾಗದ ಮರಿಗಳಲ್ಲಿ ಈ ವೈರಸ್ ಹೊಟ್ಟೆಯ ಮೇಲೆ ಕೀವುಗುಳ್ಳೆ ಎಬ್ಬಿಸುತ್ತದೆ, ಜ್ವರ, ಭೇದಿ, ಆಮೇಲೆ ಮೂಗಿನ ತುದಿ ಮತ್ತು ಪಾದದ ಮೆತ್ತೆ ಒರಟಾಗುವುದು, ಕೊನೆಗೆ ಫಿಟ್ಸ್. ಮರಿಯನ್ನು ಬೇರೆ ನಾಯಿಗಳಿಂದ ದೂರವಿಟ್ಟು, ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ ತಿಳಿಸಿ. ಅಲ್ಲಿ ಕಾಯುತ್ತಿರುವ ಬೇರೆ ಮರಿಗಳಿಗೆ ಹರಡದಂತೆ ಅವರು ಪ್ರತ್ಯೇಕ ಜಾಗ ಮಾಡಿಕೊಳ್ಳುತ್ತಾರೆ.

ವೈದ್ಯರ ಹತ್ತಿರ ಹೋಗುವಾಗ ಏನು ಸಿದ್ಧಮಾಡಿಕೊಳ್ಳಬೇಕು?

ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಏನೂ ಹಚ್ಚಬೇಡಿ. ಇರುವುದು ಇರುವಂತೆಯೇ ಕಾಣಲಿ. ಮೊದಲ ಗುಳ್ಳೆ ಕಂಡ ದಿನದಿಂದ ಹಗಲು ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು, ದಿನಕ್ಕೊಂದು ಫೋಟೊ ತೆಗೆದಿಡಿ. ಹರಡುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಲಸಿಕೆ ಪುಸ್ತಕ, ಜಂತುಹುಳುವಿನ ಔಷಧಿ ಕೊಟ್ಟ ತಾರೀಖು, ಕೊಟ್ಟ ಎಲ್ಲ ಔಷಧಿಗಳ ಚೀಟಿ ಜೊತೆಗಿರಲಿ. ಜೊತೆಯಲ್ಲಿ ಹುಟ್ಟಿದ ಮರಿಗಳು ಹೇಗಿವೆ, ಮನೆಯಲ್ಲಿ ಯಾರಿಗಾದರೂ ತುರಿಕೆ ಇದೆಯೇ ಎಂದು ವಿಚಾರಿಸಿಕೊಂಡು ಹೋಗಿ. ಮರಿಗೆ ಲಸಿಕೆಗಳು ಪೂರ್ತಿಯಾಗಿಲ್ಲದಿದ್ದರೆ ಆಸ್ಪತ್ರೆಯ ನೆಲಕ್ಕೆ ಇಳಿಸಬೇಡಿ, ತೋಳಲ್ಲೋ ಬುಟ್ಟಿಯಲ್ಲೋ ಇಟ್ಟುಕೊಂಡೇ ನಿಮ್ಮ ಸರದಿಗೆ ಕಾಯಿರಿ.